ಯುರ್ಟ್‌ನಲ್ಲಿ ಮಲಗುವ ಮುನ್ನ ನೆತ್ತಿ ನೋಡಿ

ಮಾನ್ಯ ಸಂಪಾದಕರೆ,

ಪ್ರವಾಸ ಸಂಸ್ಥೆಗಳ ಜಾಹೀರಾತುಗಳಲ್ಲಿ ಮಧ್ಯ ಏಷ್ಯಾದ ಕಿರ್ಗಿಸ್ತಾನ ಈಗ ಎದ್ದು ಕಾಣುತ್ತಿದೆ. ಅದರ ರಾಜಧಾನಿ ಬಿಷ್ಕೆಕ್‌ನಲ್ಲಿ ವೈದ್ಯಕೀಯ ಓದುವ ಮಕ್ಕಳನ್ನು ನೋಡಲು ಹೋಗುವ ನಮ್ಮ ಕಡೆಯ ತಂದೆತಾಯಂದಿರಿಗೂ ಎರಡು ದಿನದ ಬೆಟ್ಟದ ವಾಸವನ್ನು ಜೊತೆಗೆ ಸೇರಿಸಿ ಮಾರುತ್ತಾರೆ. ಚಿತ್ರ ಮಾತ್ರ ಎಲ್ಲ ಕಡೆಯೂ ಒಂದೇ: ಹುಲ್ಲುಗಾವಲು, ಸರೋವರ, ಯುರ್ಟ್ ಎಂಬ ದುಂಡನೆಯ ಬಿಳಿ ಗುಡಾರ, ಒಳಗೆ ಬಣ್ಣದ ಹಾಸಿಗೆ. ಆ ಗುಡಾರದ ಸುಖ ಸುಳ್ಳಲ್ಲ. ಆದರೆ ಅದು ಯಾವುದರಿಂದ ಬರುತ್ತದೆ, ಯಾವಾಗ ಪ್ರಾಣಕ್ಕೇ ಎರವಾಗುತ್ತದೆ ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ. ಪತ್ರಿಕೆಗಳ ಪ್ರವಾಸ ಪುಟಗಳೂ ಹೇಳುತ್ತಿಲ್ಲ. ಹೇಳಲೇಬೇಕಾದ ಕೆಲವು ಸಂಗತಿಗಳನ್ನು ನಿಮ್ಮ ಓದುಗರ ಮುಂದಿಡಲು ಈ ಪತ್ರ.

ಮೊದಲನೆಯದು ರಜೆಯ ಲೆಕ್ಕ. ನಮ್ಮ ಶಾಲೆಗಳಿಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಯುರ್ಟ್ ವಾಸಕ್ಕೆ ಹೆಸರಾದ ಸೋನ್-ಕುಲ್ ಸರೋವರ ಇರುವುದು 3,016 ಮೀಟರ್ ಎತ್ತರದಲ್ಲಿ. ಏಪ್ರಿಲ್‌ನಲ್ಲಿ ಅಲ್ಲಿಗೆ ಹೋಗುವ ಘಾಟಿಗಳ ಮೇಲೆ ಹಿಮ ಕೂತಿರುತ್ತದೆ. ದನ, ಕುರಿ, ಕುದುರೆ ಹೊಡೆದುಕೊಂಡು ಕುರುಬರ ಕುಟುಂಬಗಳು ಮೇಲೇರುವುದು ಜೂನ್ ಹೊತ್ತಿಗೆ. ಸೆಪ್ಟೆಂಬರ್‌ನಲ್ಲಿ ಗುಡಾರ ಬಿಚ್ಚಿ ಇಳಿದುಬಿಡುತ್ತಾರೆ. ಅಂದರೆ ನಮ್ಮ ಬೇಸಿಗೆ ರಜೆಗೂ ಅದು ಸಿಗದು, ದಸರಾ ರಜೆಗೂ ಸಿಗದು. ಏಪ್ರಿಲ್‌ನಲ್ಲಿ 'ಸೋನ್-ಕುಲ್ ಯುರ್ಟ್' ಮಾರುವವರು ಬಹುತೇಕ 1,607 ಮೀಟರ್ ಎತ್ತರದ ಇಸಿಕ್-ಕುಲ್ ದಡದ ಯಾವುದೋ ಶಿಬಿರಕ್ಕೆ ಕರೆದೊಯ್ಯುತ್ತಾರೆ. ಅದೂ ಚೆಂದದ ಜಾಗವೇ, ವಯಸ್ಸಾದವರಿಗಂತೂ ಅದೇ ಮೇಲು. ಆದರೆ ಕೊಟ್ಟ ದುಡ್ಡಿಗೆ ಯಾವ ಜಾಗ ಎಂಬುದು ಚೀಟಿಯಲ್ಲಿ ಬರೆದಿರಬೇಕು.

ಇನ್ನು ಗುಡಾರದ ವಿಷಯ. ಕಿರ್ಗಿಸ್ ಯುರ್ಟ್‌ಗೆ ಮೊಳೆ ಇಲ್ಲ, ನೆಲದಲ್ಲಿ ಹೂತ ಕಂಬ ಇಲ್ಲ. ವಿಲೋ ಮರದ ತೆಳು ಪಟ್ಟಿಗಳನ್ನು ಅಡ್ಡಡ್ಡ ಹೆಣೆದು, ಸಂದುಗಳಲ್ಲಿ ಹಸಿ ತೊಗಲಿನ ದಾರ ಪೋಣಿಸಿ ಮಾಡಿದ ಜಾಲರಿಯೇ ಗೋಡೆ. ಅದಕ್ಕೆ ಕೆರೆಗೆ ಎನ್ನುತ್ತಾರೆ. ಎಳೆದರೆ ಹಿಗ್ಗುತ್ತದೆ, ಒತ್ತಿದರೆ ಮಡಚಿಕೊಳ್ಳುತ್ತದೆ. ಬಾಗಿಲ ಚೌಕಟ್ಟನ್ನು ಮೊದಲು ನಿಲ್ಲಿಸಿ, ಜಾಲರಿಗಳನ್ನು ಸುತ್ತ ಹರಡಿ ಒಂದಕ್ಕೊಂದು ಬಿಗಿಯುತ್ತಾರೆ. ಆಮೇಲೆ ಒಬ್ಬರು ನಡುವೆ ನಿಂತು ತುಂದುಕ್ ಎಂಬ, ಗುಡಾರದ ನೆತ್ತಿಯ ಕಿಂಡಿಯಾಗುವ ಮರದ ಬಳೆಯನ್ನು ಕೋಲಿನ ತುದಿಯಲ್ಲಿ ಮೇಲಕ್ಕೆತ್ತಿ ಹಿಡಿಯುತ್ತಾರೆ. ಉಳಿದವರು ಊಕ್ ಎಂಬ ಬಾಗಿದ ಗಳುಗಳ ಒಂದು ತುದಿಯನ್ನು ಬಳೆಯ ತೂತಿಗೆ ತೂರಿಸಿ, ಇನ್ನೊಂದು ತುದಿಯನ್ನು ಜಾಲರಿಗೆ ಕಟ್ಟುತ್ತ ಸುತ್ತು ಬರುತ್ತಾರೆ. ಎಲ್ಲ ಗಳುಗಳೂ ಕೂತ ಮೇಲೆ ಬಳೆಯ ಭಾರ ಗಳುಗಳ ಮೇಲೆ, ಗಳುಗಳ ಒತ್ತಡ ಜಾಲರಿಯ ಮೇಲೆ. ಜಾಲರಿ ಹೊರಕ್ಕೆ ಬಾಗದಂತೆ ಸುತ್ತ ಬಿಗಿದ ಅಗಲವಾದ ನೇಯ್ದ ಪಟ್ಟಿ ಹಿಡಿದುಕೊಂಡಿರುತ್ತದೆ. ಆ ಪಟ್ಟಿ ಸಡಿಲಾದರೆ ಇಡೀ ಮನೆ ಕುಗ್ಗುತ್ತದೆ. ಮಂಗೋಲಿಯಾದ ಗೆರ್ ಎಂಬ ಇಂಥದೇ ಗುಡಾರದಲ್ಲಿ ಗಳುಗಳು ನೇರ, ಬಳೆ ಭಾರ. ಹಾಗಾಗಿ ಅದಕ್ಕೆ ಆಸರೆಯಾಗಿ ನಡುವೆ ಎರಡು ಕಂಬಗಳಿರುತ್ತವೆ. ಆ ಕಂಬಗಳ ನಡುವೆ ಹಾದುಹೋಗುವುದನ್ನು ಅಲ್ಲಿಯವರು ಒಪ್ಪುವುದಿಲ್ಲ. ಗೆರ್ ಕಟ್ಟುವ ಕೌಶಲವನ್ನು ಯುನೆಸ್ಕೊ 2013ರಲ್ಲೂ, ಕಿರ್ಗಿಸ್ ಮತ್ತು ಕಜಕ್ ಯುರ್ಟ್‌ಗಳ ಕೌಶಲವನ್ನು 2014ರಲ್ಲೂ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ತುಂದುಕ್ ಅಂತೂ ಕಿರ್ಗಿಸ್ತಾನದ ಧ್ವಜದ ನಡುವೆಯೇ ಇದೆ.

ಹೊದಿಕೆ ಕುರಿಯ ಉಣ್ಣೆಯದು. ನಮ್ಮ ಕುರುಬರ ಕಂಬಳಿಯ ಹಾಗೆ ನೇಯ್ದದ್ದಲ್ಲ. ಉಣ್ಣೆಯನ್ನು ಬಡಿದು, ಹರಡಿ, ಬಿಸಿನೀರು ಚಿಮುಕಿಸಿ, ಸುತ್ತಿ ಉರುಳಿಸಿ ಉರುಳಿಸಿ ಎಳೆಗಳನ್ನೇ ಒಂದಕ್ಕೊಂದು ಕಚ್ಚಿಸಿದ ದಪ್ಪ ಹಾಳೆ. ಮಲೆನಾಡಿನ ರೈತರು ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ನಾಟಿಗೆ ಇಳಿಯುತ್ತಿದ್ದುದು ಯಾವ ಗುಣವನ್ನು ನಂಬಿಯೋ, ಇದೂ ಆ ಗುಣವನ್ನೇ ನಂಬಿದೆ: ಉಣ್ಣೆ ಒಂದಿಷ್ಟು ತೇವ ಹೀರಿದರೂ ಬೆಚ್ಚಗೇ ಇರುತ್ತದೆ. ಆರು ಮಂದಿ ಮಲಗಿದರೆ ಉಸಿರಿನಿಂದಲೇ ರಾತ್ರಿ ಬೆಳಗಾಗುವಷ್ಟರಲ್ಲಿ ಲೀಟರಿನಷ್ಟು ನೀರು ಹೊರಬೀಳುತ್ತದೆ. ಉಣ್ಣೆ ಅದರಲ್ಲಿ ಒಂದು ಪಾಲನ್ನು ಹೀರಿ ಹಗಲಿನ ಒಣಗಾಳಿಗೆ ಬಿಟ್ಟುಕೊಡುತ್ತದೆ, ಉಳಿದದ್ದು ನೆತ್ತಿಯಿಂದ ಹೋಗುತ್ತದೆ. ಜಾಲರಿಗೂ ಉಣ್ಣೆಗೂ ನಡುವೆ ಚಿಯ್ ಹುಲ್ಲಿನ ಚಾಪೆ ಇರುತ್ತದೆ. ಬಿಸಿಲೇರಿದಾಗ ಕೆಳಗಿನ ಉಣ್ಣೆಯನ್ನು ಮೊಣಕಾಲೆತ್ತರಕ್ಕೆ ಸುತ್ತಿ ಕಟ್ಟಿದರೆ ಗಾಳಿ ಚಾಪೆಯಿಂದ ನುಸುಳಿ ಒಳಬಂದು ತುಂದುಕ್‌ನಿಂದ ಹೊರಹೋಗುತ್ತದೆ. ನೆಲವೂ ನೆತ್ತಿಯೂ ಹೀಗೆ ಉಸಿರಾಡುವುದೇ ಯುರ್ಟ್‌ನ ಸುಖದ ಗುಟ್ಟು. ಹಾಸಿಗೆ, ಕಸೂತಿ, ದೀಪಗಳೆಲ್ಲ ಆಮೇಲಿನ ಮಾತು.

ಅಪಾಯ ಇರುವುದೂ ಆ ನೆತ್ತಿಯಲ್ಲೇ. ಸೋನ್-ಕುಲ್‌ನಲ್ಲಿ ಜುಲೈ ರಾತ್ರಿಯೂ ಉಷ್ಣಾಂಶ ಸೊನ್ನೆಯ ಹತ್ತಿರಕ್ಕೆ ಇಳಿಯಬಹುದು, ಹಿಮವೂ ಬೀಳಬಹುದು. ಆಸುಪಾಸಿನಲ್ಲಿ ಮರ ಇಲ್ಲ. ಒಲೆಗೆ ಹಾಕುವುದು ತೆಜೆಕ್, ಅಂದರೆ ಬೆರಣಿ. ಕೆಲವು ಶಿಬಿರಗಳಲ್ಲಿ ಕಲ್ಲಿದ್ದಲು. ಬೆರಣಿ ಬೇಗ ಉರಿದು ಬೂದಿಯಾಗುತ್ತದೆ, ಪದೇ ಪದೇ ಹಾಕುತ್ತಿರಬೇಕು. ಕಲ್ಲಿದ್ದಲು ನಿಧಾನವಾಗಿ ಬೇಯುತ್ತದೆ. ಬೆಂಕಿ ಚೆನ್ನಾಗಿ ಉರಿಯುವಾಗ ಹೊಗೆ ಕೊಳವೆಯಲ್ಲಿ ಸೆಳೆತ ಇರುತ್ತದೆ, ವಿಷ ಮೇಲೆ ಹೋಗುತ್ತದೆ. ನಡುರಾತ್ರಿ ಕೆಂಡ ಕಂದತೊಡಗಿದಾಗ ಕೊಳವೆ ತಣ್ಣಗಾಗಿ ಸೆಳೆತ ಸೋಲುತ್ತದೆ. ಸರಿಯಾಗಿ ಉರಿಯದ ಕೆಂಡ ಇಂಗಾಲದ ಮಾನಾಕ್ಸೈಡ್ ಉಗುಳುವುದೂ ಆಗಲೇ. ಚಳಿಗೆ ಹೆದರಿ ಯಾರೋ ತುಂದುಕ್ ಮುಚ್ಚುವ ಹಗ್ಗ ಎಳೆದಿರುತ್ತಾರೆ, ಕಾವು ಉಳಿಯಲೆಂದು ಕೊಳವೆಯ ತಡೆಬಿಲ್ಲೆಯನ್ನೂ ತಿರುಗಿಸಿರುತ್ತಾರೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ.

ಎತ್ತರದ ಜಾಗದಲ್ಲಿ ಇದು ಇನ್ನಷ್ಟು ಮೋಸ ಮಾಡುವುದು ಹೇಗೆಂದರೆ, ತಲೆನೋವು, ವಾಕರಿಕೆ, ತಲೆಸುತ್ತು, ಸುಸ್ತು ಇವು ಮಾನಾಕ್ಸೈಡ್ ವಿಷದ ಲಕ್ಷಣಗಳೂ ಹೌದು, ಎತ್ತರದ ತೆಳುಗಾಳಿಗೆ ಮೈ ಒಗ್ಗದೆ ಬರುವ ಪರ್ವತ ಕಾಯಿಲೆಯ ಲಕ್ಷಣಗಳೂ ಹೌದು. 'ಎತ್ತರಕ್ಕೆ ಹೀಗಾಗುತ್ತೆ, ಬೆಚ್ಚಗೆ ಮಲಗಿ' ಎಂದು ಸಮಾಧಾನ ಹೇಳಿ ಬಾಗಿಲು ಹಾಕುವುದು ಇಂಥ ಹೊತ್ತಿನಲ್ಲಿ ಮಾಡಬಹುದಾದ ಅತಿ ಕೆಟ್ಟ ಕೆಲಸ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೆರಳಿಗೆ ಸಿಕ್ಕಿಸಿ ನೋಡಿದರೂ ಉಪಯೋಗವಿಲ್ಲ. ಸಾಮಾನ್ಯ ಆಕ್ಸಿಮೀಟರ್‌ಗೆ ಆಮ್ಲಜನಕ ಹಿಡಿದ ರಕ್ತಕ್ಕೂ ಮಾನಾಕ್ಸೈಡ್ ಹಿಡಿದ ರಕ್ತಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ವಿಷ ಏರಿದ್ದರೂ ಅಂಕಿ ಚೆನ್ನಾಗಿಯೇ ಕಾಣಬಹುದು. ಮಾಡಬೇಕಾದದ್ದು ಇಷ್ಟು: ಒಬ್ಬರಿಗೆ ತಲೆನೋವು ಬಂದರೂ ಎಲ್ಲರನ್ನೂ ಎಬ್ಬಿಸಿ ಹೊರಗೆ ಕರೆತನ್ನಿ, ಬಾಗಿಲು ತೆರೆಯಿರಿ, ನೆತ್ತಿಯ ಹೊದಿಕೆ ಸರಿಸಲು ಮನೆಯವರಿಗೆ ಹೇಳಿ. ಹಲವರಿಗೆ ಒಟ್ಟಿಗೇ ನೋವು ಬಂದು, ಹೊರಗಾಳಿಯಲ್ಲಿ ತಗ್ಗತೊಡಗಿದರೆ ಒಲೆಯ ಮೇಲೆಯೇ ಅನುಮಾನ ಪಡಬೇಕು. ಆ ರಾತ್ರಿ ಒಲೆಯಿರುವ ಆ ಗುಡಾರಕ್ಕೆ ಮರಳುವುದು ಬೇಡ, ಆದಷ್ಟು ಬೇಗ ಆಸ್ಪತ್ರೆ ಸೇರಬೇಕು. ಹೊರಗೆ ಬಂದರೂ ನೋವು ಏರುತ್ತಲೇ ಹೋದರೆ, ನಡಿಗೆ ತಡವರಿಸಿದರೆ, ಕೂತಲ್ಲೇ ಉಸಿರು ಕಟ್ಟಿದರೆ ಬೆಳಗಿಗೆ ಕಾಯದೆ ಗಾಡಿ ಹತ್ತಿಸಿ ಕೆಳಗಿಳಿಸಬೇಕು.

ಬ್ಯಾಟರಿಯಲ್ಲಿ ನಡೆಯುವ ಮಾನಾಕ್ಸೈಡ್ ಅಲಾರಂ ಅಂಗೈಯಗಲದ್ದು. ಇನ್ನೂರು ಗ್ರಾಂ ಚಟ್ನಿಪುಡಿ ಕಟ್ಟಿಕೊಳ್ಳುವ ಚೀಲದಲ್ಲಿ ಅದಕ್ಕೂ ಜಾಗ ಇರಲಿ. ಊರಲ್ಲೇ ಪರೀಕ್ಷಾ ಗುಂಡಿ ಒತ್ತಿ ನೋಡಿಕೊಂಡು ಹೊರಡಿ. ರಾತ್ರಿ ತಲೆದಿಂಬಿನ ಎತ್ತರದಲ್ಲಿ, ಒಲೆಯಿಂದ ದೂರ ತೂಗುಹಾಕಿ. ಗುಡಾರಕ್ಕೆ ಕಾಲಿಟ್ಟ ಕೂಡಲೇ ಹಾಸಿಗೆಯ ಕಡೆಗಲ್ಲ, ಮೇಲೆ ನೋಡಿ. ಹೊಗೆ ಕೊಳವೆಯ ಜೋಡಣೆಗಳಲ್ಲಿ ಕಪ್ಪು ಮಸಿ ಸೋರಿದ ಗುರುತು ಇದೆಯೆ? ಕೊಳವೆ ಹೊದಿಕೆ ದಾಟುವ ಕಡೆ ತಗಡಿನ ಬಳೆ ಇದೆಯೆ? ಅದರ ತುದಿ ನೆತ್ತಿಗಿಂತ ಮೇಲಿದೆಯೆ? ಉಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಕರಕಲಾಗುತ್ತದೆ. ಆದರೆ ಹತ್ತಿಯ ಹೊರಹೊದಿಕೆ, ಹಗ್ಗ, ನಿಮ್ಮ ನೈಲಾನ್ ಜಾಕೆಟ್ ಹಾಗಲ್ಲ. ಒಲೆಯ ಸುತ್ತ ಒಂದು ಮೀಟರ್ ಖಾಲಿ ಇರಲಿ, ಒದ್ದೆ ಕಾಲುಚೀಲ ಕೊಳವೆಗೆ ಹಾಕಬೇಡಿ. ತುಂದುಕ್ ಅಂಗೈಯಗಲವಾದರೂ ತೆರೆದಿರಲಿ. ಒಲೆ ಆರಿದ ಒಂದೆರಡು ಗಂಟೆಯಲ್ಲಿ ಒಳಗೂ ಚಳಿ ಕೊರೆಯುತ್ತದೆ. ಅದಕ್ಕೆ ಮದ್ದು ಬೆಂಕಿಯಲ್ಲ, ಹೊದಿಕೆ. ತೋಶೊಕ್ ಎಂಬ ಅವರ ದಪ್ಪ ಹಾಸುಗಳನ್ನು ಮೇಲಿಗಿಂತ ಕೆಳಗೆ ಹೆಚ್ಚು ಹಾಕಿಕೊಳ್ಳಿ, ಏಕೆಂದರೆ ಮೈಯ ಕಾವನ್ನು ಮೊದಲು ಎಳೆಯುವುದು ನೆಲ. ಉಣ್ಣೆಯ ಟೋಪಿ, ಒಣ ಕಾಲುಚೀಲ, ಒಳಗಿನ ಬೆಚ್ಚನುಡುಪು ಇದ್ದರೆ ಬೆಳಗಿನ ತನಕ ಒಲೆ ಬೇಕಾಗುವುದಿಲ್ಲ.

ಎತ್ತರವನ್ನೂ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಬಿಷ್ಕೆಕ್ ಸುಮಾರು 800 ಮೀಟರ್‌ನಲ್ಲಿದೆ. ಬೆಳಿಗ್ಗೆ ಅಲ್ಲಿಂದ ಹೊರಟು, 3,400 ಮೀಟರ್ ಮೀರಿದ ಕಲ್ಮಕ್-ಅಶೂ ಘಾಟಿ ದಾಟಿ, ಸಂಜೆಗೆ ಸೋನ್-ಕುಲ್ ತಲುಪಿಸುವ ಪ್ಯಾಕೇಜ್‌ಗಳು ಒಂದೇ ಹಗಲಲ್ಲಿ 2,200 ಮೀಟರ್ ಏರಿಸುತ್ತವೆ. ದಾರಿಯಲ್ಲಿ ಸುಮಾರು 1,800 ಮೀಟರ್ ಎತ್ತರದ ಕೊಚ್ಕೊರ್ ಎಂಬ ಊರಿದೆ. ಅಲ್ಲಿ ಮನೆಗಳಲ್ಲೇ ಅತಿಥಿಗಳಿಗೆ ಕೋಣೆ ಸಿಗುತ್ತದೆ, ಶಿರ್ದಕ್ ಎಂಬ ಉಣ್ಣೆ ಹಾಸು ಹೊಲಿಯುವ ಹೆಂಗಸರನ್ನೂ ನೋಡಬಹುದು. ಅಲ್ಲಿ ಒಂದು ರಾತ್ರಿ, ಆಗುವುದಾದರೆ ಎರಡು ರಾತ್ರಿ ತಂಗಲೇಬೇಕು. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು, ಗರ್ಭಿಣಿಯರು ಊರಿನ ವೈದ್ಯರನ್ನು ಕೇಳದೆ ಮುಂಗಡ ಕೊಡಬಾರದು. ಮೊದಲ ರಾತ್ರಿ ಮದ್ಯವೂ ನಿದ್ರೆ ಮಾತ್ರೆಯೂ ಬೇಡ.

ಊಟದ ಬಗ್ಗೆ ಒಂದು ಮಾತು. ಹುಲ್ಲುಗಾವಲಿನ ಊಟ ಮಾಂಸ, ಹಾಲು, ರೊಟ್ಟಿ. 'ಮಾಂಸವಿಲ್ಲದ ಸೂಪ್' ಎಂದರೆ ಮಾಂಸದ ತುಂಡು ತೆಗೆದ ಸೂಪ್ ಬರಬಹುದು, ನೀರು ಮಾಂಸ ಬೇಯಿಸಿದ್ದೇ ಆಗಿರುತ್ತದೆ. ಸಸ್ಯಾಹಾರಿಗಳು ಇದನ್ನು ಮುಂಗಡ ಕೊಡುವಾಗಲೇ ಬಿಡಿಸಿ ಹೇಳಬೇಕು. ಆ ಎತ್ತರದಲ್ಲಿ ನೀರು ಸುಮಾರು 90 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಬೇಳೆ ಬೇಯದು; ತೆಳು ಅವಲಕ್ಕಿ ಮತ್ತು ಹುರಿಹಿಟ್ಟು ಒಯ್ಯುವುದು ಜಾಣತನ. ಅಲ್ಲಿನ ಕೈಮಾಕ್, ಅಂದರೆ ಗಟ್ಟಿ ಕೆನೆ, ರೊಟ್ಟಿಯ ಜೊತೆ ಬಹಳ ಸೊಗಸು. ರೊಟ್ಟಿಯನ್ನು ಮಗುಚಿ ಇಡಬೇಡಿ, ಹೊಸ್ತಿಲು ತುಳಿಯಬೇಡಿ. ಅರ್ಧ ಬಟ್ಟಲು ಚಹಾ ಕೊಟ್ಟರೆ ಅದು ಜಿಪುಣತನವಲ್ಲ, ಮತ್ತೆ ಮತ್ತೆ ಬಡಿಸುವ ಆದರ.

ನಮ್ಮ ಚಿಕ್ಕಮಗಳೂರು, ಸಕಲೇಶಪುರ, ಕೊಡಗುಗಳಲ್ಲೂ ಈಗ ದುಂಡು ಗುಡಾರಗಳು ಯುರ್ಟ್ ಎಂಬ ಹೆಸರಿನಲ್ಲಿ ಎದ್ದಿವೆ. ಇವುಗಳಲ್ಲಿ ಬಹಳಷ್ಟಕ್ಕೆ ಹೊದಿಸಿರುವುದು ಪ್ಲಾಸ್ಟಿಕ್ ಲೇಪದ ಬಟ್ಟೆ, ನೆತ್ತಿಗೆ ಬಿಗಿಯಾಗಿ ಕೂರಿಸಿದ ಪಾರದರ್ಶಕ ಮುಚ್ಚಳ. ಮಳೆಗೆ ಇದು ಬೇಕು, ಒಪ್ಪೋಣ. ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನ ವರ್ಷದ ಮಳೆ 300 ಮಿ.ಮೀ.ಗಿಂತ ಕಡಿಮೆ, ಆಗುಂಬೆಯಲ್ಲಿ 7,000 ಮಿ.ಮೀ. ದಾಟುತ್ತದೆ. ಉಣ್ಣೆಯ ಹೊದಿಕೆ ನಮ್ಮ ಆಷಾಢದಲ್ಲಿ ಒಣಗುವುದೇ ಇಲ್ಲ, ಬೂಸ್ಟು ಹಿಡಿಯುತ್ತದೆ. ಆದರೆ ಪ್ಲಾಸ್ಟಿಕ್ ತೇವ ಹೀರದು. ಉಸಿರಿನ ನೀರು ಒಳಮೈಯಲ್ಲಿ ಹನಿಗಟ್ಟಿ ಬೆಳಗಿನ ಜಾವ ಹಾಸಿಗೆಗೆ ತೊಟ್ಟಿಕ್ಕುತ್ತದೆ. ತೆರೆಯಲು ಬರುವ ನೆತ್ತಿ, ಅದರ ಮೇಲೆ ಗಾಳಿ ಆಡುವಷ್ಟು ಎತ್ತರಿಸಿದ ಕೊಡೆಯಂಥ ಮಾಡು, ಗೋಡೆಯ ಬುಡದಲ್ಲಿ ಜಾಲರಿ ಕಿಂಡಿ ಇದ್ದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಇಂಥ ಮುಚ್ಚಿದ ಗುಡಾರದೊಳಗೆ ಡಿಸೆಂಬರ್ ಚಳಿಗೆ ಇದ್ದಿಲ ಅಗ್ಗಿಷ್ಟಿಕೆ ಇಡುವುದಂತೂ ಕೊಲೆಗೆ ಸಮ. ಸೋನ್-ಕುಲ್‌ನ ಒಲೆಗೆ ಹೊಗೆ ಕೊಳವೆಯಾದರೂ ಇದೆ, ಇದಕ್ಕೆ ಅದೂ ಇಲ್ಲ.

ನೆಲದ ವಿಷಯ ಇನ್ನೂ ಗಂಭೀರ. ಯುರ್ಟ್ ಹುಟ್ಟಿದ್ದು ಸಮತಟ್ಟು ಹುಲ್ಲುಗಾವಲಿಗೆ. ಆರು ಮೀಟರ್ ಅಗಲದ ಗುಡಾರಕ್ಕೆ 30 ಡಿಗ್ರಿ ಇಳಿಜಾರನ್ನು ಕಡಿದು ತಟ್ಟು ಮಾಡಿದರೆ ಹಿಂಬದಿಯಲ್ಲಿ ಸುಮಾರು ಮೂರೂವರೆ ಮೀಟರ್ ನೆಟ್ಟಗಿನ ಮಣ್ಣಿನ ಗೋಡೆ ನಿಲ್ಲುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು, 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದದ್ದನ್ನು ಕಂಡ ಮೇಲೂ ಹೀಗೆ ಕಡಿಯುವುದನ್ನು ಒಪ್ಪಲಾಗದು. ಇಳಿಜಾರಲ್ಲಿ ಕಟ್ಟಲೇಬೇಕಿದ್ದರೆ ಕಂಬಗಳ ಮೇಲೆ ಹಲಗೆಯ ಜಗಲಿ ಮಾಡಲಿ, ಮಳೆನೀರು ಹರಿಯುವ ಜಾಡು ಬಿಡಲಿ. ಉಳಿದುಕೊಳ್ಳಲು ಹೋಗುವವರು ಗುಡಾರದ ಹಿಂದಕ್ಕೆ ಒಂದು ಸುತ್ತು ಹೋಗಿ ನೋಡಲಿ. ಅಲ್ಲಿ ಹಸಿ ಮಣ್ಣಿನ ಗೋಡೆ ಕಂಡರೆ ಮಳೆಗಾಲದಲ್ಲಿ ಅಲ್ಲಿ ಮಲಗುವುದು ಬೇಡ.

ಸಂಪಾದಕರಲ್ಲಿ ಒಂದು ಕೋರಿಕೆ. ಯುರ್ಟ್ ವಾಸದ ಬಗ್ಗೆ ಲೇಖನ ಪ್ರಕಟಿಸುವಾಗಲೆಲ್ಲ ಜಾಗದ ಎತ್ತರ, ತೆರೆದಿರುವ ತಿಂಗಳು, ಒಲೆಗೆ ಏನು ಹಾಕುತ್ತಾರೆ, ಹತ್ತಿರದ ಆಸ್ಪತ್ರೆ ಎಷ್ಟು ಗಂಟೆಯ ದಾರಿ ಎಂಬ ನಾಲ್ಕು ವಿವರಗಳನ್ನು ಚಿತ್ರದ ಪಕ್ಕದಲ್ಲೇ ಚೌಕಟ್ಟು ಹಾಕಿ ಕೊಡಿ. ಪ್ಯಾಕೇಜ್ ಮಾರುವವರೂ ರಸೀದಿಯಲ್ಲಿ ಇವನ್ನೇ ಬರೆದುಕೊಡಲಿ. ಕೊಡದವರಿಗೆ ಓದುಗರು ಮುಂಗಡ ಕಟ್ಟದಿರಲಿ.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ