ಕಿತ್ತ ಮೂರು ಕಂಬಗಳನ್ನು ಮತ್ತೆ ನೆಡಿಸಿ: ನಮ್ಮ ಜನಪ್ರತಿನಿಧಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಶಿರಸಿಯಿಂದ ನಮಸ್ಕಾರ. ನನಗೆ ಬೇಕಾಗಿರುವುದು ಮೂರು ಕಬ್ಬಿಣದ ಕಂಬ. ಕೆರೆಯ ಸುತ್ತಲಿನ ನಡಿಗೆ ಮತ್ತು ಸೈಕಲ್ ದಾರಿಗೆ ಮೋಟಾರು ಗಾಡಿಗಳು ನುಗ್ಗದಂತೆ ಮೊದಲಲ್ಲೇ ಹೂತಿದ್ದ, ಹಳದಿ ಮತ್ತು ಕಪ್ಪು ಬಣ್ಣದ, ಸೊಂಟದೆತ್ತರದ ಕಂಬಗಳು. ಅವು ಎಲ್ಲಿದ್ದವೋ ಅಲ್ಲಿಯೇ ನೆಡಿಸಿ. ಪುರುಸೊತ್ತು ಇಲ್ಲದಿದ್ದರೆ ಇಷ್ಟು ಓದಿದರೆ ಸಾಕು.

ಕೆರೆಯ ಹೆಸರನ್ನಾಗಲಿ ಕಚೇರಿಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ನಿಮಗೆ ಗೊತ್ತು, ಕಚೇರಿಗೂ ಗೊತ್ತು. ಊರಿನವರಿಗೆ ಹೇಳಬೇಕಾದ ಅಗತ್ಯವೇ ಇಲ್ಲ.

ದಾರಿ ಮಾಡಿಸಿದ್ದು ಒಳ್ಳೆಯ ಕೆಲಸ, ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ಹೊಸ ಬಡಾವಣೆಯ ಕಡೆಯಿಂದ ಬಂದರೆ ಮೊದಲು ಸಿಗುವುದು ಏರಿ. ಒಂದು ಬದಿಗೆ ನೀರು, ಇನ್ನೊಂದು ಬದಿಯ ತಗ್ಗಿನಲ್ಲಿ ಅಡಿಕೆ ತೋಟ. ತೂಬಿನ ಕಟ್ಟೆಯ ಮೇಲೆ ಬೆಳಗಿನ ಹೊತ್ತು ಮಿಂಚುಳ್ಳಿ ಕೂತಿರುತ್ತಿತ್ತು. ಏರಿ ಮುಗಿಯುವಲ್ಲಿ ಕೋಡಿ, ಅದರ ಮೇಲೊಂದು ಕಿರುಸೇತುವೆ. ಮಳೆಗಾಲದಲ್ಲಿ ಕೋಡಿ ಬಿದ್ದಾಗ ಅಲ್ಲಿ ನಿಂತು ನೀರು ನೋಡುವುದೇ ಬಡಾವಣೆಯವರ ಸಂಜೆಯ ಕೆಲಸ. ಸೇತುವೆ ದಾಟಿದರೆ ನೇರಳೆ ಮರಗಳ ಸಾಲು, ಅದರ ನೆರಳಿನಲ್ಲೇ ಬಳಸಿಕೊಂಡು ಹೊರಟಲ್ಲಿಗೆ ವಾಪಸು ಬರಬಹುದು. ನಡೆಯುವವರಿಗೆ ಇಂಟರ್‌ಲಾಕ್ ಕಲ್ಲು ಹಾಕಿಸಿದಿರಿ, ಸೈಕಲ್ಲಿಗೆ ಕೆಂಪು ಪಟ್ಟಿ ಬಳಿಸಿದಿರಿ. ಹೈಸ್ಕೂಲಿನ ಹೆಣ್ಣುಮಕ್ಕಳು ಲಾರಿ, ಬಸ್ಸು ಓಡುವ ಮುಖ್ಯರಸ್ತೆ ಬಿಟ್ಟು ಈ ದಾರಿಯಲ್ಲೇ ಸೈಕಲ್ ತುಳಿದುಕೊಂಡು ಶಾಲೆಗೆ ಹೋಗತೊಡಗಿದ್ದರು. ಪಾರ್ಶ್ವವಾಯುವಿನಿಂದ ಎಡಗಾಲು ಸೋತಿರುವ ನಮ್ಮ ಮನೆಯವರಿಗೆ ವೈದ್ಯರು ದಿನಾ ನಡೆಯಲು ಹೇಳಿದ್ದರು. ಏರುತಗ್ಗಿಲ್ಲದ, ಗಾಡಿಗಳ ಕಾಟವಿಲ್ಲದ ಜಾಗ ಈ ಊರಿನಲ್ಲಿ ಬೇರೆ ಎಲ್ಲಿದೆ ಹೇಳಿ?

ಆಮೇಲೆ ಉದ್ಘಾಟನೆ ಬಂತು.

ಜನರು ಆಗಲೇ ನಡೆಯುತ್ತಿದ್ದ ದಾರಿಗೆ ಉದ್ಘಾಟನೆ ಏಕೆ ಎಂದು ಕೇಳುವುದಿಲ್ಲ, ಅದು ನಿಮ್ಮ ಕಡೆಯ ಸಂಪ್ರದಾಯ. ಪೆಂಡಾಲನ್ನು ಕೋಡಿಯ ಹತ್ತಿರ ಹಾಕಿದ್ದರು. ಕಂಬದಿಂದ ಅಲ್ಲಿಗೆ ನಡೆದರೆ ಒಂದು ಕವಳ ಹಾಕಿಕೊಂಡು ಅಗಿಯುವಷ್ಟೂ ಹೊತ್ತು ಬೇಡ. ಆದರೂ ಗಣ್ಯರ ಕಾರುಗಳು ವೇದಿಕೆಯವರೆಗೆ ಹೋಗಬೇಕೆಂದು ಹಿಂದಿನ ಸಂಜೆ ಮೂರೂ ಕಂಬಗಳನ್ನು ಬುಡಸಹಿತ ಕಿತ್ತರು. ನಡೆಯಲೆಂದು ಮಾಡಿದ ದಾರಿಯನ್ನು ಉದ್ಘಾಟಿಸಲು ನೀವು ಕಾರಿನಲ್ಲಿ ಬಂದಿರಿ. ಮಾರಿಕಾಂಬೆಯ ವಿಗ್ರಹ ದೊರೆತದ್ದು ದೇವಿಕೆರೆಯಲ್ಲಿ, ಅಘನಾಶಿನಿ ಹುಟ್ಟುವುದು ಶಂಕರ ಹೊಂಡದಲ್ಲಿ, ಕೆರೆಗಳೇ ಈ ಊರಿನ ಪುಣ್ಯ ಎಂದು ಭಾಷಣ ಮಾಡಿದಿರಿ. ನಡಿಗೆಯಿಂದ ಆರೋಗ್ಯಕ್ಕಾಗುವ ಲಾಭಗಳನ್ನೂ ವಿವರಿಸಿದಿರಿ. ನಾನು ಚಪ್ಪಾಳೆ ತಟ್ಟಿದೆ. ನಂತರ ಕಾರು ಹತ್ತಿ ಹೋದಿರಿ. ಕಂಬಗಳು ಮಾತ್ರ ಮತ್ತೆ ಬರಲಿಲ್ಲ.

ಆ ದಿನದಿಂದ ಏರಿ ಅಡ್ಡರಸ್ತೆಯಾಯಿತು. ಮೊದಲು ಬೈಕುಗಳು, ಆಮೇಲೆ ರಿಕ್ಷಾಗಳು, ಈಗ ಮನೆ ಕಟ್ಟುವವರ ಸಾಮಾನಿನ ಗಾಡಿಗಳು. ರಾತ್ರಿ ಟಿಪ್ಪರ್ ಬಂದು ಒಡೆದ ಗೋಡೆಯ ಅವಶೇಷಗಳನ್ನು ನೇರಳೆ ಮರಗಳ ಬುಡದಲ್ಲಿ ಸುರಿದು ಹೋಗುತ್ತದೆ, ಅರ್ಧ ಕೆರೆಗೇ ಉರುಳುತ್ತದೆ. ಇಂಟರ್‌ಲಾಕ್ ಕಲ್ಲುಗಳು ಭಾರಕ್ಕೆ ಕುಸಿದು ಸಾಲು ತಪ್ಪಿವೆ. ಇದು ಮಣ್ಣಿನ ಏರಿ, ಸ್ವಾಮಿ. ಗಾಲಿ ಕೊರೆದ ಗುಂಡಿಗಳಲ್ಲಿ ಶಿರಸಿಯ ಮಳೆ ನಿಂತರೆ ನೀರು ಇಳಿಯುವುದು ಏರಿಯ ಒಳಕ್ಕೇ. ಕೆಳಗಿನ ತೋಟದವರನ್ನು ಕೇಳಿ, ಆಷಾಢ ಬಂತೆಂದರೆ ಅವರಿಗೆ ನಿದ್ದೆ ಇಲ್ಲ. ಸೈಕಲ್ಲಿನ ಹೆಣ್ಣುಮಕ್ಕಳು ಮತ್ತೆ ಮುಖ್ಯರಸ್ತೆ ಹಿಡಿದಿದ್ದಾರೆ.

ಕಳೆದ ಮಳೆಗಾಲದಲ್ಲಿ ನಡೆದದ್ದನ್ನು ಹೇಳಿಯೇ ತೀರಬೇಕು. ಸಂಜೆ ಹೊತ್ತು, ಜಿಟಿಜಿಟಿ ಮಳೆ. ನಮ್ಮ ಮನೆಯವರು ಒಂದು ಕೈಯಲ್ಲಿ ಕೋಲು ಊರಿಕೊಂಡು ನಿಧಾನ ಬರುತ್ತಿದ್ದರು, ನಾನು ಪಕ್ಕದಲ್ಲಿ ಕೊಡೆ ಹಿಡಿದಿದ್ದೆ. ಹಿಂದಿನಿಂದ ಚಿರೆಕಲ್ಲು ತುಂಬಿದ ಗೂಡ್ಸ್ ರಿಕ್ಷಾ ಬಂದು ಹಾರನ್ ಹೊಡೆಯಿತು. ಅವರಿಗೆ ಥಟ್ಟನೆ ತಿರುಗಲು ಬರುವುದಿಲ್ಲ. ಹಾರನ್ ನಿಲ್ಲಲಿಲ್ಲ. ಗಾಬರಿಯಿಂದ ಬದಿಗೆ ಕಾಲಿಟ್ಟರು, ಕಾಲ ಕೆಳಗಿನ ಕಲ್ಲು ಜಗ್ಗಿತು, ತೋಟದ ಕಡೆಯ ಇಳಿಜಾರಿನಲ್ಲಿ ಜಾರಿ ಕೂತುಬಿಟ್ಟರು. ಕೋಲು ಉರುಳಿ ಕೆಳಗಿನ ಕಾಲುವೆಗೆ ಬಿತ್ತು. ಹುಡುಗ ಗಾಡಿ ನಿಲ್ಲಿಸಿ ಇಳಿದು ಬಂದ, ಕೈ ಹಿಡಿದು ಎಬ್ಬಿಸಿದ, ಕಾಲುವೆಗೆ ಇಳಿದು ಕೋಲನ್ನೂ ತಂದುಕೊಟ್ಟ. ಆಮೇಲೆ ಹೇಳಿದ: ‘ಅಜ್ಜ, ಹೀಗೆ ರಸ್ತೆ ಮಧ್ಯೆ ನಡೆಯಬೇಡಿ. ಯಾರಾದರೂ ಗುದ್ದಿಬಿಡುತ್ತಾರೆ.’

ಬೈದಿದ್ದರೆ ನಾನೂ ಬೈದು ಮನೆಗೆ ಬರುತ್ತಿದ್ದೆ. ಅವನು ಕಾಳಜಿಯಿಂದ ಹೇಳಿದ. ಅವನು ಈ ದಾರಿಯನ್ನು ಕಂಡದ್ದೇ ರಸ್ತೆಯಾಗಿ. ಕಂಬ ಇದ್ದ ಕಾಲ ಅವನಿಗೆ ಗೊತ್ತಿಲ್ಲ, ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಯಾರ ಮೇಲೆ ಎಂದು ಬಿಡಿಸಿ ಬರೆಯಬೇಕೇ? ನಮ್ಮ ಮನೆಯವರು ಅಂದಿನಿಂದ ಕೆರೆಯ ಕಡೆಗೆ ಹೆಜ್ಜೆ ಹಾಕಿಲ್ಲ. ಜಗುಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ. ಕಾಲು ಮತ್ತೆ ಬಿಗಿಯುತ್ತಿದೆ, ಮಾತೂ ಕಡಿಮೆಯಾಗಿದೆ.

ಕಚೇರಿಗೆ ಹೋದೆ. ಕಂಬಗಳು ಗೋದಾಮಿನಲ್ಲಿವೆ, ನೆಡಿಸುತ್ತೇವೆ ಎಂದರು. ಮತ್ತೆ ಹೋದೆ. ಸಂಬಂಧಪಟ್ಟವರು ಮೀಟಿಂಗಿನಲ್ಲಿದ್ದರು. ಇನ್ನೊಮ್ಮೆ ಹೋದಾಗ ಸಂಬಂಧಪಟ್ಟವರಿಗೆ ವರ್ಗವಾಗಿತ್ತು. ಕೊನೆಗೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದೆ. 30 ದಿನದೊಳಗೆ ಕೊಡಬೇಕಾದ ಉತ್ತರ ತಡವಾಗಿಯಾದರೂ ಬಂತು. ಅದರ ಸಾರಾಂಶ ಇಷ್ಟು: ಕಂಬಗಳನ್ನು ಅಳವಡಿಸಲಾಗಿದೆ, ಅವು ಸ್ಥಳದಲ್ಲಿವೆ, ಕಾಮಗಾರಿ ಪೂರ್ಣಗೊಂಡು ಬಿಲ್ ಪಾವತಿಯಾಗಿದೆ. ಆ ಕಾಗದ ಹಿಡಿದುಕೊಂಡೇ ಮತ್ತೆ ಹೋದೆ. ಸಿಬ್ಬಂದಿಯೊಬ್ಬರು ಸಮಾಧಾನವಾಗಿ ತಿಳಿಸಿ ಹೇಳಿದರು: ‘ಅಮ್ಮಾ, ಕಡತದಲ್ಲಿ ಕಂಬ ಇದೆ. ಇರುವ ಕಂಬಕ್ಕೆ ಮತ್ತೆ ಅಂದಾಜುಪಟ್ಟಿ ಮಾಡಲು ಬರುವುದಿಲ್ಲ.’ ಅಂದರೆ ಗಾಡಿಗಳನ್ನು ತಡೆಯಬೇಕಾದರೆ ಅವುಗಳನ್ನೂ ಕಡತದೊಳಗೇ ಓಡಿಸಬೇಕು.

ಹೊಸ ಕಂಬ ನಾನು ಕೇಳುತ್ತಿಲ್ಲ. ಹಳೆಯವೇ ಸಾಕು, ತುಕ್ಕು ಹಿಡಿದಿದ್ದರೂ ಆಗುತ್ತದೆ. ನೆಡಿಸಿ.

ಕಾನೂನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಪಾದಚಾರಿ ದಾರಿ ಮತ್ತು ಸೈಕಲ್ ಪಥದ ಮೇಲೆ ಮೋಟಾರು ವಾಹನ ಓಡಿಸಬಾರದು ಎಂಬುದು 2017ರ ಚಾಲನಾ ನಿಯಮಗಳಲ್ಲಿದೆ. ಕೆರೆಗೆ ಕಟ್ಟಡದ ಅವಶೇಷ ಸುರಿಯುವಂತಿಲ್ಲ ಎಂದು ರಾಜ್ಯದ 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಹೇಳುತ್ತದೆ. ಅಡೆತಡೆಯಿಲ್ಲದ ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಇಷ್ಟೆಲ್ಲ ಇದ್ದೂ ಮೂರು ಗುಂಡಿಗೆ ಮೂರು ಕಂಬ ಇಳಿಸಿ ಸಿಮೆಂಟ್ ಹಾಕುವವರಿಲ್ಲ. ಗಾರೆಯವನೊಬ್ಬನಿಗೆ ಅರ್ಧ ದಿನದ ಕೆಲಸ. ನಾವೇ ಕೂಲಿ ಕೊಟ್ಟು ಮಾಡಿಸೋಣವೆಂದರೆ ಸರ್ಕಾರಿ ಜಾಗದಲ್ಲಿ ಅನುಮತಿ ಇಲ್ಲದೆ ಕಂಬ ಹೂಳಿದ್ದಕ್ಕೆ ನಮ್ಮ ಮೇಲೆಯೇ ನೋಟಿಸು ಬಂದೀತು. ಆ ವಿಷಯದಲ್ಲಿ ಕಚೇರಿ ಚುರುಕಾಗಿದೆ ಎಂದು ಕೇಳಿದ್ದೇನೆ.

ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯಲ್ಲಿ ಊರು ತುಂಬ ಗಾಡಿಗಳಾದಾಗ ಏರಿಯ ಮೇಲೂ ನಿಲ್ಲಿಸುತ್ತಾರೆ ಎಂಬುದನ್ನು ಬೇರೆಯಾಗಿ ದೂರುವುದಿಲ್ಲ. ಕಂಬ ಇದ್ದರೆ ಅದೂ ತಾನಾಗಿ ನಿಲ್ಲುತ್ತದೆ.

ಮಳೆ ಹಿಡಿಯುವುದರೊಳಗೆ ನೆಡಿಸಿ. ಈಗಾದರೆ ಕಾಂಕ್ರೀಟ್ ಒಣಗುತ್ತದೆ, ಜೂನ್ ದಾಟಿದರೆ ಅದೇ ನೆಪವಾಗುತ್ತದೆ. ಆ ಕೆಲಸಕ್ಕೂ ಉದ್ಘಾಟನೆ ಬೇಕೆಂದರೆ ಇಟ್ಟುಕೊಳ್ಳಿ, ಚಪ್ಪಾಳೆಗೆ ನಾನು ಬರುತ್ತೇನೆ. ಕಾರನ್ನು ಮಾತ್ರ ಮುಖ್ಯರಸ್ತೆಯಲ್ಲೇ ನಿಲ್ಲಿಸಿ ನಡೆದುಕೊಂಡು ಬನ್ನಿ.

ಇಂತಿ,
ಕೆರೆಯ ಪಕ್ಕದ ಬಡಾವಣೆಯ ನಿವಾಸಿ
ಶಿರಸಿ