ಬೇಸಿನ್ ಪಕ್ಕ ನಿಂತು ನೋಡಿ ಬರೆಯಬೇಕಾದ ಪತ್ರ

ಚಿಂತಾಮಣಿ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ರೇಷ್ಮೆಗೂಡಿನಿಂದ ನೂಲು ತೆಗೆಯುವ ಶಿಡ್ಲಘಟ್ಟದ ಕಾರ್ಖಾನೆ, ಆ ಫಿಲೇಚರ್, ಈಗ ನಿನ್ನ ಕೈಗೆ ಬಂದಿದೆ. ಆಯುಧಪೂಜೆಗೆ ಇಪ್ಪತ್ತೈದು ಜನಕ್ಕೂ ಪ್ರಶಂಸಾ ಪತ್ರ ಪ್ರಿಂಟ್ ಹಾಕಿಸಲೇ ಎಂದು ಕೇಳಿದ್ದೀಯ. ಬೇಡ ಮಗಳೇ. ಬಂಗಾರದ ಅಂಚಿನ ಹಾಳೆ ಎಲ್ಲರಿಗೂ ಒಂದೇ ಒಕ್ಕಣೆಯಲ್ಲಿ ಬಂದರೆ, ಟೀ ಹೊತ್ತಿಗೆ ಒಬ್ಬರದನ್ನು ಒಬ್ಬರು ಇಸಕೊಂಡು ಓದುತ್ತಾರೆ. ಹೆಸರೊಂದು ಬಿಟ್ಟು ಮಿಕ್ಕಿದ್ದೆಲ್ಲ ಒಂದೇ ಎಂದು ಗೊತ್ತಾದ ಮೇಲೆ, ಮುಂದೆ ನೀನು ಮನಸಾರೆ ಬರೆದದ್ದನ್ನೂ ಯಾರೂ ನಂಬುವುದಿಲ್ಲ.

ಬೋನಸ್ ಲಕೋಟೆಯೊಳಗೆ ಪತ್ರ ಇಡುವುದಂತೂ ಬೇಡವೇ ಬೇಡ. ಅರ್ಹರಾದವರಿಗೆ ಕನಿಷ್ಠ ಶೇ 8.33 ಬೋನಸ್ ಕಾನೂನಿನಂತೆ ಸಲ್ಲಬೇಕಾದ ಹಣ. ಅದರ ಜೊತೆ ಮೆಚ್ಚುಗೆ ಸೇರಿಸಿದರೆ, ಅವರ ಹಕ್ಕನ್ನು ನಿನ್ನ ದಯೆಯಂತೆ ತೋರಿಸಿದ ಹಾಗಾಗುತ್ತದೆ. ಹಾಗೆಯೇ, ಭಾನುವಾರ ಬಂದು ಕೆಲಸ ಮಾಡಿಕೊಡಿ ಎಂದು ಕೇಳಬೇಕಾಗಿರುವ ವಾರ ಯಾರಿಗೂ ಪತ್ರ ಕೊಡಬೇಡ. ಕೆಲಸದವರಿಗೆ ಇದೆಲ್ಲ ತಕ್ಷಣ ಅರ್ಥವಾಗುತ್ತದೆ.

ಬೆಳಿಗ್ಗೆ ಗೂಡಿನ ಮಾರುಕಟ್ಟೆಯ ಹರಾಜು ಮುಗಿಸಿ ಬಂದವಳು ಹತ್ತು ನಿಮಿಷ ನೂಲು ತೆಗೆಯುವ ಬಿಸಿನೀರಿನ ಬೇಸಿನ್‌ಗಳ ಪಕ್ಕ ಸುಮ್ಮನೆ ನಿಂತುಕೋ. ಜೇಬಿಗೆ ಹಿಡಿಸುವ ಒಂದು ನೋಟ್‌ಬುಕ್ ಇಟ್ಟುಕೊಂಡು ತಾರೀಖು, ಬೇಸಿನ್ ನಂಬರು, ಕಂಡದ್ದು ಏನು ಎಂದು ಎರಡೇ ಸಾಲು ಬರೆ. 20/22 ಡೆನಿಯರ್ ದಪ್ಪದ ನೂಲಿಗೆ ಒಂದೊಂದು ಎಳೆಯಲ್ಲೂ ಎಂಟು-ಹತ್ತು ಗೂಡು ಓಡುತ್ತಿರಬೇಕಲ್ಲ, ಒಂದು ಗೂಡು ಮುಗಿದ ಕೂಡಲೇ ಕಣ್ಣು ಅಲ್ಲಿಗೆ ಹೋಗಿ ಹೊಸ ಗೂಡಿನ ತುದಿ ಸೇರಿಸುವವರು ಯಾರು? ತಡವಾಗಿ ಸೇರಿಸಿದರೆ ಅಷ್ಟುದ್ದ ನೂಲು ಸಣ್ಣಗಾಗುತ್ತದೆ. ಗೂಡು ತಿಕ್ಕಿ ತುದಿ ತೆಗೆಯುವಾಗ ಕೈ ಹಗುರ ಯಾರದು? ಜೋರಾಗಿ ತಿಕ್ಕಿದರೆ ಒಳ್ಳೆಯ ರೇಷ್ಮೆಯೇ ವೇಸ್ಟಿಗೆ ಹೋಗಿ ರೆಂಡಿಟ್ಟಾ, ಅಂದರೆ ಒಂದು ಕಿಲೋ ನೂಲಿಗೆ ಬೇಕಾಗುವ ಗೂಡಿನ ತೂಕ, ಏರುತ್ತದೆ. ಒಂದು ಕಿಲೋ ನೂಲಿಗೆ ಏಳು ಕಿಲೋ ಗೂಡು ಸಾಕಾಗುತ್ತಿದ್ದದ್ದು ಏಳೂವರೆ ಬೇಕಾದರೆ ಆ ಅರ್ಧ ಕಿಲೋ ಯಾರ ಗಂಟು ಎಂದು ನಿನಗೆ ಹೇಳಬೇಕಾಗಿಲ್ಲ.

ಬೇಸಿನ್ ಮುಂದೆ ಕೂತವರನ್ನಷ್ಟೇ ನೋಡಿ ಬರಬೇಡ. ಬಾಯ್ಲರ್ ನೋಡಿಕೊಳ್ಳುವವರ ಕೈಯಲ್ಲಿ ಆವಿ ಹದವಾಗಿದ್ದರೆ ಗೂಡು ಸಮನಾಗಿ ಬೇಯುತ್ತದೆ. ಬೆಂದದ್ದು ಸಾಲದಿದ್ದರೆ ತುದಿ ಸಿಗುವುದಿಲ್ಲ, ಎಳೆ ಹರಿಯುತ್ತದೆ. ಹೆಚ್ಚು ಬೆಂದರೆ ವೇಸ್ಟ್ ಜಾಸ್ತಿ. ಗೂಡು ವಿಂಗಡಿಸುವ ಹೆಂಗಸು ಜೋಡಿಗೂಡು, ಕರೆಗೂಡು, ತೂತುಗೂಡು ಆರಿಸಿ ತೆಗೆಯುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಒಂದು ದಿನ ಆಕೆ ಬರದಿದ್ದರೆ ಮಾತ್ರ ಎಲ್ಲರೂ ಕೇಳುತ್ತಾರೆ. ಇಂಥವರಿಗೆ ಮೊದಲು ಬರೆ.

ಒಕ್ಕಣೆ ಹೀಗಿದ್ದರೆ ಸಾಕು:

“ಕಳೆದ ಮಂಗಳವಾರದ ಮಳೆಗಾಲದ ಗೂಡಿನ ಲಾಟ್‌ನಲ್ಲಿ ಎಳೆ ಮೇಲಿಂದ ಮೇಲೆ ಹರಿಯುತ್ತಿತ್ತು. ನಿಮ್ಮ ಹತ್ತು ಎಳೆಗಳಲ್ಲಿ ಒಂದರಲ್ಲೂ ಗೂಡು ಕಡಿಮೆಯಾಗಲು ನೀವು ಬಿಡಲಿಲ್ಲ. ಹರಿದ ಕಡೆಯೆಲ್ಲ ಗಂಟು ಹಾಕಿಯೇ ಮುಂದಕ್ಕೆ ಬಿಟ್ಟಿರಿ. ಮಾರನೆಯ ದಿನ ರೀ-ರೀಲಿಂಗ್‌ನಲ್ಲಿ ಮತ್ತೆ ಸುತ್ತುವಾಗ ನಿಮ್ಮ ನೂಲು ಎಲ್ಲೂ ನಿಲ್ಲದೆ ಓಡಿತು. ಅದನ್ನು ನಾನು ನೋಡಿದೆ. ನಿಮಗೆ ನನ್ನ ಧನ್ಯವಾದ.”

ಯಾವ ದಿನ, ಏನು ಕಷ್ಟವಿತ್ತು, ಅವರು ಏನು ಮಾಡಿದರು, ಅದರಿಂದ ಏನು ಒಳ್ಳೆಯದಾಯಿತು ಎಂಬುದೆಲ್ಲ ಇದರಲ್ಲಿದೆ. ಅರ್ಧ ಹಾಳೆ ದಾಟಬಾರದು. “ಅವಿರತ ಶ್ರಮ”, “ನಮ್ಮ ಕುಟುಂಬದ ಸದಸ್ಯರಿದ್ದಂತೆ” ಎಂಬ ಮಾತು ಬಂದರೆ ಹೊಡೆದುಹಾಕು. ಬರೆದಾದ ಮೇಲೆ ಹೆಸರಿನ ಮೇಲೆ ಬೆರಳಿಟ್ಟು ಓದಿ ನೋಡು. ಅದು ಪಕ್ಕದ ಬೇಸಿನ್‌ನವರಿಗೂ ಹೊಂದುವುದಾದರೆ ನೀನಿನ್ನೂ ಸರಿಯಾಗಿ ನೋಡಿಲ್ಲ. “ಆದರೆ ಸ್ವಲ್ಪ ಬೇಗ ಬನ್ನಿ” ಎಂಬ ಬಾಲಂಗೋಚಿ ಹಚ್ಚಬೇಡ. ಅದನ್ನು ಇನ್ನೊಂದು ದಿನ ಬಾಯಲ್ಲಿ ಹೇಳು. ಸಂಬಳ ಏರಿಸುತ್ತೇವೆ, ಕಾಯಂ ಮಾಡುತ್ತೇವೆ ಎಂಬ ಅರ್ಥ ಬರುವ ಮಾತೂ ನುಸುಳಬಾರದು. ಕೊಡುವ ಮನಸ್ಸಿದ್ದರೆ ಕೊಟ್ಟುಬಿಡು.

ಇನ್ನೊಂದು ವಿಷಯ ಒತ್ತಿ ಹೇಳುತ್ತೇನೆ. ಜ್ವರದಲ್ಲೂ ಬಂದರು, ಬಿಸಿನೀರಿಗೆ ಬೆರಳಿನ ಚರ್ಮ ಸುಲಿದರೂ ಬಿಡಲಿಲ್ಲ ಎಂದು ಯಾರನ್ನೂ ಹೊಗಳಬೇಡ. ಅದನ್ನು ಓದಿದ ಉಳಿದವರು ರಜೆ ಕೇಳಲು ಹೆದರುತ್ತಾರೆ. ಸುಲಿದ ಬೆರಳಿಗೆ ಬೇಕಾದ್ದು ಮುಲಾಮು ಮತ್ತು ಎರಡು ದಿನ ಬೇರೆ ಕೆಲಸ.

ದಿನಾ ನೀನು ಎಂದು ಕರೆಯುವವರಿಗೂ ಪತ್ರದಲ್ಲಿ “ನೀವು” ಎಂದೇ ಬರೆ. ಹೆಸರನ್ನು ಅವರು ಹೇಗೆ ಬರೆದುಕೊಳ್ಳುತ್ತಾರೋ ಹಾಗೆಯೇ ಬರೆ, ಕೇಳಿ ತಿಳಿದುಕೊಳ್ಳುವುದರಲ್ಲಿ ತಪ್ಪಿಲ್ಲ. “ಸದರಿ”, “ಈ ಮೂಲಕ ತಿಳಿಯಪಡಿಸುವುದೇನೆಂದರೆ” ಎಂಬುದು ನೋಟಿಸಿನ ಭಾಷೆ. ಆಫೀಸಿನಿಂದ ಲಕೋಟೆ ಬಂತೆಂದರೆ ಮೆಮೊ ಇರಬೇಕು ಎಂದು ಮೊದಲೇ ಎದೆ ಹೊಡೆದುಕೊಳ್ಳುತ್ತದೆ. ಹಾಗಾಗಿ ಬೇರೆಯವರ ಕೈಲಿ ಕಳಿಸದೆ, “ಒಳ್ಳೆಯ ಸುದ್ದಿ, ಗಾಬರಿಯಾಗಬೇಡಿ” ಎಂದು ನೀನೇ ಕೊಡು. ನಿನ್ನಲ್ಲಿ ಉರ್ದು, ತೆಲುಗು ಮನೆಮಾತಿನವರೂ ಇದ್ದಾರೆ, ಓದು ಬಾರದವರೂ ಇದ್ದಾರೆ. ಅಂಥವರನ್ನು ಪಕ್ಕಕ್ಕೆ ಕೂರಿಸಿಕೊಂಡು ಅವರ ಮಾತಿನಲ್ಲೇ ಓದಿ ಹೇಳಿಸು. ಮನೆಗೆ ಹೋದ ಮೇಲೆ ಮಕ್ಕಳ ಕೈಲಿ ಮತ್ತೆ ಓದಿಸಿಕೊಳ್ಳುತ್ತಾರೆ. ಲೆಟರ್‌ಹೆಡ್, ತಾರೀಖು, ಪೆನ್ನಿನ ಸಹಿ ಮೂರೂ ಇರಲಿ. ಒಂದು ಪ್ರತಿ ಅವರ ಫೈಲಿಗೆ ಸೇರಲಿ.

ತಿಂಗಳಿಗೆ ಎರಡು ಪತ್ರ ಬರೆದರೂ ವರ್ಷಕ್ಕೆ ಇಪ್ಪತ್ನಾಲ್ಕಾಯಿತು. ಸರದಿ ಹಾಕಬೇಡ, ಆದರೆ ಆರು ತಿಂಗಳಿಗೊಮ್ಮೆ ನೋಟ್‌ಬುಕ್ ತಿರುವಿ ಯಾರ ಹೆಸರು ಒಮ್ಮೆಯೂ ಬಂದಿಲ್ಲ ಎಂದು ನೋಡು. ಮಾರನೆಯ ದಿನ ಅವರ ಪಕ್ಕ ಹೋಗಿ ನಿಲ್ಲು. ಕೆಲಸ ನಡೆದು ವಾರದೊಳಗೆ ಪತ್ರ ಕೈಸೇರಬೇಕು, ತಿಂಗಳಾದರೆ ಅವರಿಗೇ ಮರೆತಿರುತ್ತದೆ.

ಗೂಡು ವಿಂಗಡಿಸುವಾಕೆಗೆ ಮೊದಲ ಪತ್ರ ಬರೆ. ಕರಡನ್ನು ನನಗೆ ಕಳಿಸಿದರೆ ಓದಿ ಅವತ್ತೇ ವಾಪಸ್ ಕಳಿಸುತ್ತೇನೆ. ಅಮ್ಮನಿಗೆ ಕೇಳಿದೆನೆಂದು ಹೇಳು.

ಇಂತಿ ನಿನ್ನ
ದೊಡ್ಡಪ್ಪ