ಮೇಣದಬತ್ತಿ ಪ್ರಯೋಗಕ್ಕೆ ಉತ್ತರ ಮೊದಲೇ ಬೇಡ

ಮಾನ್ಯ ಸಂಪಾದಕರೇ,

ತಟ್ಟೆಯ ನೀರಿನಲ್ಲಿ ಉರಿಯುವ ಮೇಣದಬತ್ತಿ ನಿಲ್ಲಿಸಿ ಗಾಜಿನ ಲೋಟ ಬೋರಲು ಹಾಕಿದರೆ ಬತ್ತಿ ಆರಿ, ನೀರು ಒಳಗೆ ಏರುತ್ತದೆ. ಪ್ರಾಥಮಿಕ ಶಾಲೆಗಳಲ್ಲೂ ಪತ್ರಿಕೆಗಳ ಮಕ್ಕಳ ಪುಟಗಳಲ್ಲೂ ಇದು ಹಳೆಯ ಪ್ರಯೋಗ. ಪ್ರಯೋಗ ಸೊಗಸಾಗಿದೆ, ಜೊತೆಗೆ ಕೊಡುವ ವಿವರಣೆ ತಪ್ಪು: 'ಗಾಳಿಯ ಐದನೇ ಒಂದು ಭಾಗ ಆಮ್ಲಜನಕ, ಅದು ಉರಿದು ಖಾಲಿಯಾದ ಜಾಗಕ್ಕೆ ನೀರು ಬಂತು.'

ಬತ್ತಿ ಆರುವಾಗ ಆಮ್ಲಜನಕ ಖಾಲಿಯಾಗಿರುವುದಿಲ್ಲ. ಶೇ 21ರಷ್ಟಿದ್ದದ್ದು ಸುಮಾರು ಶೇ 16ಕ್ಕೆ ಇಳಿದರೆ ಸಾಕು, ಜ್ವಾಲೆ ಆರಿಹೋಗುತ್ತದೆ. ಬಳಕೆಯಾದ ಆಮ್ಲಜನಕಕ್ಕೆ ಬದಲಾಗಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಹುಟ್ಟುತ್ತವೆ. ನೀರು ಏರುವುದಕ್ಕೆ ಮುಖ್ಯ ಕಾರಣ ಶಾಖ. ಲೋಟ ಇಳಿಸುವಾಗಲೇ ಒಳಗಿನ ಗಾಳಿ ಕಾದು ಹಿಗ್ಗಿ ಒಂದಿಷ್ಟು ಹೊರಹೋಗಿರುತ್ತದೆ. ಬತ್ತಿ ಆರಿದ ಮೇಲೆ ಉಳಿದದ್ದು ತಣಿದು ಕುಗ್ಗುತ್ತದೆ, ನೀರಾವಿ ಹನಿಯಾಗುತ್ತದೆ, ಹೊರಗಿನ ವಾಯುಭಾರ ನೀರನ್ನು ಒಳಕ್ಕೆ ತಳ್ಳುತ್ತದೆ.

ಮಕ್ಕಳ ಕಣ್ಣಿಗೆ ಇದು ಬೀಳುತ್ತದೆ. ಬತ್ತಿ ಉರಿಯುವಾಗ ನೀರು ಹೆಚ್ಚು ಏರದೆ, ಆರಿದ ಮೇಲೆ ಸರ‍್ರನೆ ಏರಿದ್ದು ಯಾಕೆ ಎಂದು ಕೇಳುವ ಮಗುವೇ ಸರಿ. ಪುಸ್ತಕದ ಉತ್ತರ ಹೇಳಿ ಆ ಮಗುವನ್ನು ಕೂರಿಸಿಬಿಟ್ಟರೆ ಅದು ಮುಂದೆ ತನ್ನ ಕಣ್ಣನ್ನೇ ನಂಬುವುದಿಲ್ಲ.

ಮಾಡುವವರಿಗೆ ಕೆಲವು ವಿವರಗಳು. ಅಂಚಿರುವ ತಟ್ಟೆಯಲ್ಲಿ ಒಂದು ಸೆಂಟಿಮೀಟರ್ ನೀರು, ಅದಕ್ಕೆ ಒಂದೆರಡು ಹನಿ ಶಾಯಿ. ಮೇಣದಬತ್ತಿ ಲೋಟದ ಅರ್ಧ ಎತ್ತರ ಮೀರಬಾರದು. ಜ್ವಾಲೆ ಗಾಜಿಗೆ ತಾಕಿದರೆ ಲೋಟ ಸೀಳಬಹುದು. ಲೋಟದ ಬಾಯಿ ತಟ್ಟೆಗೆ ಅಂಟಿ ಕೂತರೆ ನೀರಿಗೆ ದಾರಿಯೇ ಇಲ್ಲ, ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲೇ. ಅಂಚಿನಡಿ ಎರಡು ನಾಣ್ಯ ಇಡಿ. ಬತ್ತಿ ಹಚ್ಚುವುದು ದೊಡ್ಡವರ ಕೆಲಸ.

ಮೊದಲು ಒಂದು ಬತ್ತಿ, ಆಮೇಲೆ ಅದೇ ಲೋಟಕ್ಕೆ ಮೂರು. ಎಷ್ಟು ಏರೀತು ಎಂದು ಪ್ರತಿ ಮಗುವೂ ಮುಂಚೆಯೇ ಬರೆದಿಡಲಿ. ಆಮ್ಲಜನಕವೇ ಕಾರಣವಾಗಿದ್ದರೆ ಎರಡು ಸಲವೂ ನೀರು ಒಂದೇ ಮಟ್ಟಕ್ಕೆ ಏರಬೇಕಿತ್ತು. ಮೂರು ಬತ್ತಿಗೆ ಹೆಚ್ಚು ಏರುತ್ತದೆ. ಆಮೇಲೆ ಬತ್ತಿಯೇ ಇಲ್ಲದೆ, ಬಿಸಿನೀರಿನಲ್ಲಿ ತೊಳೆದ ಲೋಟವನ್ನು ತಕ್ಷಣ ಬೋರಲು ಹಾಕಿ ನೋಡಲಿ. ಆಗಲೂ ನೀರು ಏರುತ್ತದೆ!

ಐದನೇ ಒಂದು ಭಾಗವನ್ನು ನಿಜಕ್ಕೂ ತೋರಿಸಬೇಕೆಂದರೆ ತುಕ್ಕು ಬೇಕು; ತುಕ್ಕು ಹಿಡಿಯುವಾಗ ಕಬ್ಬಿಣ ಗಾಳಿಯ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ನಯವಾದ ಉಕ್ಕಿನ ನಾರನ್ನು (ಸ್ಟೀಲ್ ವುಲ್) ಕೆಲವು ನಿಮಿಷ ವಿನಿಗರ್‌ನಲ್ಲಿ ನೆನೆಸಿ, ಹಿಂಡಿ, ಪ್ರನಾಳದ (ಟೆಸ್ಟ್ ಟ್ಯೂಬ್) ತಳಕ್ಕೆ ಸಿಕ್ಕಿಸಿ ನೀರಿನಲ್ಲಿ ಬೋರಲು ನಿಲ್ಲಿಸಿ. ನಾರಿನ ಎಣ್ಣೆಲೇಪ ತೆಗೆಯಲು ವಿನಿಗರ್. ಸ್ಟೇನ್‌ಲೆಸ್ ನಾರು ಆಗದು, ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಒಂದೆರಡು ದಿನದಲ್ಲಿ ನೀರು ಸುಮಾರು ಐದನೇ ಒಂದು ಭಾಗಕ್ಕೆ ಏರಿ ನಿಲ್ಲುತ್ತದೆ.

ತಮ್ಮಲ್ಲಿ ಒಂದು ಕೋರಿಕೆ. ಮಕ್ಕಳ ಪುಟದಲ್ಲಿ ಇಂಥ ಪ್ರಯೋಗ ಹಾಕುವಾಗ ಮಾಡುವ ಕ್ರಮವನ್ನಷ್ಟೇ ಹಾಕಿ, 'ಏನಾದೀತು, ಯಾಕೆ?' ಎಂದು ಕೇಳಿ. ವಿವರಣೆಯನ್ನು ಮುಂದಿನ ವಾರಕ್ಕೆ ಇಡಿ. ಮಕ್ಕಳು ಬರೆದು ಕಳಿಸಿದ ಕಾರಣಗಳನ್ನು, ತಪ್ಪಾದವನ್ನೂ ಸೇರಿಸಿ, ಅದರ ಪಕ್ಕದಲ್ಲೇ ಪ್ರಕಟಿಸಿ.

– ಒಬ್ಬ ವಿಜ್ಞಾನ ಶಿಕ್ಷಕಿ